ಅಂದಾಜು ಲೆಕ್ಕ ಮತ್ತು ರೌಂಡ್ ಮಾಡುವುದು: ಬುಡದಿಂದ ಕಲಿಯಲು ಸಮಗ್ರ ಮಾರ್ಗದರ್ಶಿ

"ಎಷ್ಟು ಜನ ಬಂದಿದ್ದರು?" ಎಂದು ಕೇಳಿದರೆ ನಾವು "ಏಳೆಂಟು ಜನ" ಅನ್ನುತ್ತೇವೆ. ಸ್ವಲ್ಪ ಜಾಸ್ತಿ ಇದ್ದರೆ "ಹತ್ತಿಪ್ಪತ್ತು ಜನ". ಲೆಕ್ಕಕ್ಕೆ ಸಿಗದಷ್ಟಿದ್ದರೆ "ನೂರಾರು ಜನ". ಈ ಮಾತುಗಳನ್ನು ಒಮ್ಮೆ ಗಮನಿಸಿ ನೋಡಿ. ಏಳೆಂಟು ಅಂದಾಗ ಒಂದೆರಡು ಮಾತ್ರ ಆಚೀಚೆ ಆಗಬಹುದು. ಹತ್ತಿಪ್ಪತ್ತು ಅಂದಾಗ ನಾಲ್ಕೈದು ಹೆಚ್ಚು ಕಡಿಮೆಯಾದರೂ ಯಾರೂ ತಕರಾರು ಮಾಡುವುದಿಲ್ಲ. ಎಷ್ಟು ಎಂಬುದರ ಜೊತೆಗೆ, ಎಷ್ಟು ತಪ್ಪಬಹುದು ಎಂಬುದನ್ನೂ ಒಂದೇ ಪದದಲ್ಲಿ ಹೇಳಿಬಿಡುತ್ತೇವೆ, ಅಲ್ವಾ?

ಮಾತಿನಲ್ಲಿ ಇಷ್ಟು ಸಲೀಸಾಗಿ ಬರುವ ಅಂದಾಜು ಕಾಗದದ ಮೇಲೆ ಬಂದಾಗ ಯಾಕೋ ಕಷ್ಟವಾಗುತ್ತದೆ. "5 ಬಂದರೆ ಮೇಲಕ್ಕೆ, 4 ಬಂದರೆ ಕೆಳಕ್ಕೆ" ಎಂಬ ಒಂದು ಸಾಲನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಆ ಸಾಲು ತಪ್ಪಲ್ಲ, ಆದರೆ ಅಷ್ಟೇ ಸಾಲದು. ನನ್ನ ಪ್ರಕಾರ ಒಳ್ಳೆಯ ಅಂದಾಜಿಗೆ ಎರಡು ಸಂಗತಿ ಗೊತ್ತಿರಬೇಕು. ಒಂದು, ಉತ್ತರ ಸುಮಾರು ಎಷ್ಟು. ಎರಡು, ನಿಜವಾದ ಉತ್ತರ ಅದಕ್ಕಿಂತ ಜಾಸ್ತಿಯೋ ಕಡಿಮೆಯೋ. ಈ ಎರಡನೆಯದನ್ನು ಹೆಚ್ಚಿನವರು ಕಲಿಯುವುದೇ ಇಲ್ಲ. ಅದಕ್ಕೇ ಈ ಬರಹದಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಸಂಖ್ಯೆ ಎಲ್ಲಿ ನಿಂತಿದೆ ಎಂದು ನೋಡಿ

ಒಂದು ಗೆರೆ ಎಳೆಯಿರಿ. ಅದರ ಒಂದು ತುದಿಯಲ್ಲಿ 30, ಇನ್ನೊಂದು ತುದಿಯಲ್ಲಿ 40 ಬರೆಯಿರಿ. ನಟ್ಟನಡುವೆ 35. ಈಗ 37 ಎಲ್ಲಿ ಬರುತ್ತದೆ ಎಂದು ಚುಕ್ಕೆ ಇಡಿ. ಅದು 40ರಿಂದ 3 ಹೆಜ್ಜೆ ದೂರ, 30ರಿಂದ 7 ಹೆಜ್ಜೆ ದೂರ. ಹಾಗಾಗಿ 37ನ್ನು ಹತ್ತಿರದ ಹತ್ತಕ್ಕೆ ರೌಂಡ್ ಮಾಡಿದರೆ 40. ಅದೇ 32 ಆಗಿದ್ದರೆ 30.

ರೌಂಡ್ ಮಾಡುವುದು ಅಂದರೆ ಇಷ್ಟೇ: ಸಂಖ್ಯೆಯ ಎರಡೂ ಪಕ್ಕದಲ್ಲಿರುವ ಮೈಲಿಗಲ್ಲುಗಳಲ್ಲಿ ಯಾವುದು ಹತ್ತಿರ ಎಂದು ನೋಡಿ, ಅಲ್ಲಿಗೆ ಹೋಗಿ ನಿಲ್ಲುವುದು. ಮೈಲಿಗಲ್ಲುಗಳನ್ನು ಹತ್ತು ಹತ್ತಕ್ಕೆ ನೆಡಬಹುದು, ನೂರು ನೂರಕ್ಕೆ ನೆಡಬಹುದು, ಲಕ್ಷಕ್ಕೊಂದರಂತೆಯೂ ನೆಡಬಹುದು. ಕೆಲಸ ಮಾತ್ರ ಒಂದೇ.

ಮಕ್ಕಳಿಗೆ ಹೇಳಿಕೊಡುವವರು ಈ ಗೆರೆಯನ್ನು ಬಿಟ್ಟು ನೇರವಾಗಿ ನಿಯಮಕ್ಕೆ ಹೋಗಬೇಡಿ. ಗೆರೆ ನೋಡದ ಮಗು 43ನ್ನು "ಕೆಳಕ್ಕೆ" ರೌಂಡ್ ಮಾಡು ಅಂದರೆ 30 ಎಂದು ಬರೆಯುತ್ತದೆ. ಕೆಳಕ್ಕೆ ಅಂದಿದ್ದಕ್ಕೆ 4ನ್ನು 3 ಮಾಡಿಬಿಡುತ್ತದೆ. ಗೆರೆಯ ಮೇಲೆ 43 ಇರುವುದು 40 ಮತ್ತು 50ರ ನಡುವೆ. ಅಲ್ಲಿ 30 ಕಾಣುವುದೇ ಇಲ್ಲ. ಗೆರೆಯ ಜೊತೆ ಕಲಿತ ಮಗು ಈ ತಪ್ಪು ಮಾಡುವುದು ಕಡಿಮೆ.

ಹಂತ 2: ಸ್ಥಾನ ಗುರುತಿಸಿ, ಬಲಗಡೆಯ ಒಂದೇ ಅಂಕಿ ನೋಡಿ

ದೊಡ್ಡ ಸಂಖ್ಯೆಗೆ ಪ್ರತಿ ಸಲ ಗೆರೆ ಎಳೆಯಲು ಆಗುವುದಿಲ್ಲ. ಅದಕ್ಕೇ ನಿಯಮ ಇರುವುದು. 4,86,512 ತೆಗೆದುಕೊಳ್ಳಿ. ಇದನ್ನು ಹತ್ತಿರದ ಹತ್ತು ಸಾವಿರಕ್ಕೆ ರೌಂಡ್ ಮಾಡಬೇಕು.

ಮೊದಲು ಹತ್ತು ಸಾವಿರದ ಸ್ಥಾನದ ಅಂಕಿಯ ಕೆಳಗೆ ಗೆರೆ ಹಾಕಿ. ಇಲ್ಲಿ ಅದು 8. ಆಮೇಲೆ ಅದರ ಬಲಗಡೆಯ ಅಂಕಿ ನೋಡಿ. ಇಲ್ಲಿ 6. ಅದು 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗೆರೆ ಹಾಕಿದ ಅಂಕಿಗೆ 1 ಸೇರಿಸಿ. 4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದನ್ನು ಹಾಗೇ ಬಿಡಿ. ಬಲಗಡೆ ಉಳಿದ ಎಲ್ಲ ಅಂಕಿಗಳ ಜಾಗದಲ್ಲೂ ಸೊನ್ನೆ ಹಾಕಿ. ಉತ್ತರ 4,90,000.

ಅದೇ ಸಂಖ್ಯೆಯನ್ನು ಲಕ್ಷಕ್ಕೆ ರೌಂಡ್ ಮಾಡಿದರೆ? ಗೆರೆ 4ರ ಕೆಳಗೆ, ಬಲಗಡೆ 8 ಇದೆ, ಹಾಗಾಗಿ 5,00,000. ಸಾವಿರಕ್ಕಾದರೆ ಗೆರೆ 6ರ ಕೆಳಗೆ, ಬಲಗಡೆ 5, ಉತ್ತರ 4,87,000.

ಒಂದೇ ಅಂಕಿ ನೋಡಿದರೆ ಸಾಕೇ, ಅದರ ಆಚೆ ಇರುವುದನ್ನು ನೋಡುವುದು ಬೇಡವೇ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 5ರ ನಂತರ ಏನೇ ಬಂದರೂ ಸಂಖ್ಯೆ ನಡುಗೆರೆಯ ಮೇಲೆ ಅಥವಾ ಅದರಾಚೆ ಇರುತ್ತದೆ. 4ರ ನಂತರ ಎಷ್ಟೇ 9 ಬಂದರೂ ನಡುಗೆರೆ ದಾಟುವುದಿಲ್ಲ. ಹತ್ತು ಸಾವಿರಕ್ಕೆ ರೌಂಡ್ ಮಾಡುವಾಗ 0 ಮತ್ತು 10,000ದ ನಡುಗೆರೆ 5,000. 4,999 ಇನ್ನೂ ಅದರ ಈಚೆಗೇ ಇದೆ. ಹಾಗಾಗಿ ಒಂದೇ ಅಂಕಿ ಸಾಕು.

ಇನ್ನು ಸರಿಯಾಗಿ ನಡುವೆ ನಿಂತ 35? ಅದು 30ಕ್ಕೂ 40ಕ್ಕೂ ಸಮಾನ ದೂರ. ಮೇಲಕ್ಕೆ ಒಯ್ಯುವುದು ನಾವೆಲ್ಲ ಒಪ್ಪಿಕೊಂಡ ಒಂದು ರೂಢಿ, ಅಷ್ಟೇ. ಇನ್ನೊಂದು ರೂಢಿಯೂ ಇದೆ: ನಟ್ಟನಡುವೆ ಇದ್ದರೆ ಹತ್ತಿರದ ಸಮ ಅಂಕಿಗೆ ಒಯ್ಯುವುದು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ 2.5ನ್ನು ರೌಂಡ್ ಮಾಡಿಸಿದರೆ 2 ಬರುತ್ತದೆ, 3.5ನ್ನು ಮಾಡಿಸಿದರೆ 4 ಬರುತ್ತದೆ. ಸಾವಿರಾರು ಸಂಖ್ಯೆಗಳನ್ನು ಕೂಡುವಾಗ ನಡುವಿನವೆಲ್ಲ ಮೇಲಕ್ಕೇ ಹೋದರೆ ಮೊತ್ತ ಉಬ್ಬುತ್ತದೆ. ಅದನ್ನು ತಪ್ಪಿಸಲು ಈ ಏರ್ಪಾಡು. ಶಾಲೆಯ ಲೆಕ್ಕಕ್ಕೆ ಮಾತ್ರ 5 ಬಂದರೆ ಮೇಲಕ್ಕೆ ಎಂದೇ ಇಟ್ಟುಕೊಳ್ಳಿ.

ಹಂತ 3: 9 ಸಿಕ್ಕಾಗ ಏನು ಮಾಡಬೇಕು

ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಒಬ್ಬ ಹುಡುಗಿ ಬರುತ್ತಿದ್ದಳು. 296ನ್ನು ಹತ್ತಿರದ ಹತ್ತಕ್ಕೆ ರೌಂಡ್ ಮಾಡು ಎಂದು ಕೊಟ್ಟೆ. ಅವಳು 9ರ ಕೆಳಗೆ ಗೆರೆ ಹಾಕಿದಳು. ಬಲಗಡೆ 6 ನೋಡಿದಳು. 9ಕ್ಕೆ 1 ಸೇರಿಸಿ 10 ಮಾಡಿದಳು. ಆಮೇಲೆ 2 ಬರೆದು, ಪಕ್ಕದಲ್ಲಿ 10 ಬರೆದು, ಕೊನೆಗೆ ಸೊನ್ನೆ ಇಟ್ಟಳು: 2100. ಪ್ರತಿ ಹೆಜ್ಜೆಯನ್ನೂ ನಿಯಮದ ಪ್ರಕಾರವೇ ಇಟ್ಟಿದ್ದಳು, ಪಾಪ.

ನಾನು ತಪ್ಪು ಎನ್ನಲಿಲ್ಲ. "296 ಇರುವ ಜಾಗದಿಂದ 2100ಕ್ಕೆ ನಡೆದುಕೊಂಡು ಹೋಗು ನೋಡೋಣ" ಎಂದೆ. ಅವಳು ಪೆನ್ಸಿಲ್ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ "ಅಯ್ಯೋ, ಅದು ಪಕ್ಕದಲ್ಲೇ ಇಲ್ಲ" ಎಂದು ತಾನೇ ಅಳಿಸಿದಳು. 290, 300 ಎಂದು ಎಣಿಸಿ 300 ಬರೆದಳು.

9ಕ್ಕೆ 1 ಸೇರಿದರೆ ಅದು 10. ಅಲ್ಲಿ 0 ಇಟ್ಟು, ದಶಕ 1ನ್ನು ಎಡಗಡೆಯ ಅಂಕಿಗೆ ಕೊಡಬೇಕು, ಕೂಡುವಾಗ ಮಾಡುವ ಹಾಗೆಯೇ. 296ರಲ್ಲಿ 29 ಹತ್ತುಗಳಿವೆ ಎಂದು ನೋಡಿದರೆ ಇನ್ನೂ ಸುಲಭ: 29 ಹತ್ತು 30 ಹತ್ತಾಯಿತು, ಅಂದರೆ 300. ಎರಡು ಮೂರು 9 ಸಾಲಾಗಿ ಬಂದರೂ ಇದೇ ದಾರಿ. 3,99,962ನ್ನು ನೂರಕ್ಕೆ ರೌಂಡ್ ಮಾಡಿದರೆ 4,00,000.

ಉತ್ತರ ಬರೆದ ಮೇಲೆ "ಇದು ಪಕ್ಕದ ಮೈಲಿಗಲ್ಲೇನಾ?" ಎಂದು ಒಮ್ಮೆ ಕೇಳಿಕೊಳ್ಳಿ. ಒಂದು ಕ್ಷಣದ ಕೆಲಸ.

ಹಂತ 4: ದಶಮಾಂಶ

ಹೊಸ ನಿಯಮ ಏನೂ ಇಲ್ಲ. ವೃತ್ತದ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಪೈ ಬೆಲೆಯನ್ನು, ಅಂದರೆ 3.14159ನ್ನು, ಎರಡು ದಶಮಾಂಶ ಸ್ಥಾನಕ್ಕೆ ರೌಂಡ್ ಮಾಡಿದರೆ 3.14. ನಾಲ್ಕು ಸ್ಥಾನಕ್ಕಾದರೆ 3.1416. ಬಲಗಡೆಯ ಅಂಕಿಗಳನ್ನು ಇಲ್ಲಿ ಬಿಟ್ಟೇಬಿಡುತ್ತೇವೆ, ಸೊನ್ನೆ ತುಂಬುವುದಿಲ್ಲ.

ಒಂದೇ ಒಂದು ಎಚ್ಚರಿಕೆ. 5.97ನ್ನು ಒಂದು ಸ್ಥಾನಕ್ಕೆ ರೌಂಡ್ ಮಾಡಿದರೆ 6.0 ಎಂದು ಬರೆಯಿರಿ, ಬರೀ 6 ಅಲ್ಲ. ಆ ಸೊನ್ನೆ "ನಾನು ಹತ್ತನೇ ಒಂದು ಭಾಗದವರೆಗೂ ನೋಡಿದ್ದೇನೆ" ಎಂದು ಓದುವವರಿಗೆ ಹೇಳುತ್ತದೆ. ಬರೀ 6 ಅಂದರೆ ಅದು 5.5ರಿಂದ 6.5ರವರೆಗೆ ಏನು ಬೇಕಾದರೂ ಆಗಿರಬಹುದು.

ಈ ಪೈ ವಿಷಯ ಬಂದಾಗ ನನಗೆ ಆರ್ಯಭಟ ನೆನಪಾಗುತ್ತಾನೆ. 499ರ ಸುಮಾರಿಗೆ ಅವನು 20,000 ವ್ಯಾಸದ ವೃತ್ತಕ್ಕೆ 62,832 ಸುತ್ತಳತೆ ಎಂದು ಹೇಳಿದ. ಭಾಗಿಸಿ ನೋಡಿದರೆ 3.1416. ನಾಲ್ಕು ಸ್ಥಾನಕ್ಕೆ ನಾವು ಇವತ್ತು ಬರೆಯುವುದೂ ಅದನ್ನೇ. ಅದಕ್ಕಿಂತ ನನಗೆ ಇಷ್ಟವಾಗುವುದು ಅವನು ಆ ಬೆಲೆಗೆ ಬಳಸಿದ ಪದ: ‘ಆಸನ್ನ’. ಅಂದರೆ ಹತ್ತಿರದ್ದು. ಇದು ಅಂದಾಜು ಎಂದು ಅವನೇ ಹೇಳಿಬಿಟ್ಟಿದ್ದಾನೆ. ನಾವು ಬಳಸುವ 22/7 ಕೂಡ ಆಸನ್ನವೇ. ಅದರ ಬೆಲೆ 3.142857, ಪೈಗಿಂತ ತುಸು ಜಾಸ್ತಿ. ಎರಡು ದಶಮಾಂಶದವರೆಗೆ ಎರಡೂ 3.14. ಮೂರನೇ ಸ್ಥಾನಕ್ಕೆ ಬಂದರೆ ಒಂದು 3.143, ಇನ್ನೊಂದು 3.142.

ಹಂತ 5: ಒಂದೇ ಸಲ ರೌಂಡ್ ಮಾಡಿ, ಕೊನೆಯಲ್ಲಿ ಮಾಡಿ

3,446ನ್ನು ಹತ್ತಿರದ ಸಾವಿರಕ್ಕೆ ರೌಂಡ್ ಮಾಡಿ. ಕೆಲವರು ಮೆಟ್ಟಿಲು ಹತ್ತಿದ ಹಾಗೆ ಮಾಡುತ್ತಾರೆ: ಮೊದಲು ಹತ್ತಕ್ಕೆ 3,450, ಆಮೇಲೆ ನೂರಕ್ಕೆ 3,500, ಆಮೇಲೆ ಸಾವಿರಕ್ಕೆ 4,000. ಆದರೆ 3,446 ಇರುವುದು 3,000ಕ್ಕೆ ಹತ್ತಿರ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ತಳ್ಳಿ ತಳ್ಳಿ ನಡುಗೆರೆ ದಾಟಿಸಿಬಿಟ್ಟರು. ಯಾವಾಗಲೂ ಮೂಲ ಸಂಖ್ಯೆಯಿಂದ ನೇರವಾಗಿ ಒಂದೇ ಸಲ ರೌಂಡ್ ಮಾಡಿ.

ನಿಖರ ಉತ್ತರ ಬೇಕಾದ ಉದ್ದನೆಯ ಲೆಕ್ಕದಲ್ಲೂ ಅಷ್ಟೇ. ನಡುನಡುವೆ ಕತ್ತರಿಸುತ್ತಾ ಹೋದರೆ ಸಣ್ಣ ತಪ್ಪುಗಳು ಕೂಡಿ ಬೆಟ್ಟವಾಗುತ್ತವೆ. ಕೆನಡಾದ ವ್ಯಾಂಕೂವರ್ ಷೇರುಪೇಟೆಯಲ್ಲಿ 1982ರ ಜನವರಿಯಲ್ಲಿ ಒಂದು ಹೊಸ ಸೂಚ್ಯಂಕವನ್ನು 1000ದಿಂದ ಶುರುಮಾಡಿದರು. ದಿನಕ್ಕೆ ಸಾವಿರಾರು ಸಲ ಅದನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತಿತ್ತು. ಪ್ರತಿ ಸಲವೂ ಮೂರು ದಶಮಾಂಶದ ಆಚೆ ಇದ್ದುದನ್ನು ರೌಂಡ್ ಮಾಡದೆ ಕತ್ತರಿಸಿ ಎಸೆಯಲಾಗುತ್ತಿತ್ತು. ಕತ್ತರಿಸಿದರೆ ಸಂಖ್ಯೆ ಯಾವಾಗಲೂ ಕೆಳಕ್ಕೇ ಹೋಗುತ್ತದೆ, ಮೇಲಕ್ಕೆ ಒಮ್ಮೆಯೂ ಇಲ್ಲ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿ ನೋಡಿದಾಗ ಬಂದದ್ದು 1098.892. ಸಾವಿರದಲ್ಲಿ ಒಂದಕ್ಕಿಂತಲೂ ಸಣ್ಣ ಚೂರುಗಳು ಅರ್ಧದಷ್ಟನ್ನು ನುಂಗಿದ್ದವು.

ರೌಂಡ್ ಮಾಡಿದಾಗ ಕೆಲವು ಮೇಲೆ, ಕೆಲವು ಕೆಳಗೆ ಹೋಗಿ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಎಲ್ಲ ಒಂದೇ ಕಡೆ ವಾಲಿದರೆ ತಪ್ಪು ಬೆಳೆಯುತ್ತದೆ. ಈ ಒಂದು ಮಾತನ್ನು ಹಿಡಿದುಕೊಂಡರೆ ಮುಂದಿನ ಹಂತಗಳೆಲ್ಲ ಸಲೀಸು.

ಹಂತ 6: ಕೂಡುವಾಗ ಅಂದಾಜು

478 + 312 + 195 + 609. ನೂರಕ್ಕೆ ರೌಂಡ್ ಮಾಡಿದರೆ 500 + 300 + 200 + 600 = 1,600. ನಿಜವಾದ ಮೊತ್ತ 1,594. ಎರಡು ಮೇಲೆ ಹೋದವು, ಎರಡು ಕೆಳಗೆ ಬಂದವು, ಹಾಗಾಗಿ ಇಷ್ಟು ಹತ್ತಿರ ಬಂತು.

ಈಗ ಇದನ್ನು ನೋಡಿ: 149 + 249 + 349 + 448. ನೂರಕ್ಕೆ ರೌಂಡ್ ಮಾಡಿದರೆ 100 + 200 + 300 + 400 = 1,000. ನಿಜವಾದ ಮೊತ್ತ 1,195. ನಾಲ್ಕೂ ಕೆಳಕ್ಕೇ ಹೋದವು. ರೌಂಡ್ ಮಾಡುವಾಗ ಒಮ್ಮೆ ಸಾಲಿನುದ್ದಕ್ಕೂ ಕಣ್ಣಾಡಿಸಿದ್ದರೆ ಇದು ಕಾಣುತ್ತಿತ್ತು. ಒಂದೊಂದರಲ್ಲೂ ಸುಮಾರು 50 ಬಿಟ್ಟಿದ್ದೇವೆ, ನಾಲ್ಕರಿಂದ 200 ಸೇರಿಸಬೇಕು. 1,200 ಆಯಿತು.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿದೆ. ಮೊದಲು ಮುಂದಿನ ಅಂಕಿಗಳನ್ನಷ್ಟೇ ಕೂಡಿ. ಮೊದಲ ಉದಾಹರಣೆಯಲ್ಲಿ 4 + 3 + 1 + 6 = 14, ಅಂದರೆ 1,400. ಆಮೇಲೆ ಉಳಿದ ಬಾಲಗಳನ್ನು ನೋಡಿ: 78 ಮತ್ತು 12 ಸೇರಿ ನೂರರ ಹತ್ತಿರ, 95 ಮತ್ತು 9 ಸೇರಿ ಇನ್ನೊಂದು ನೂರು. ಒಟ್ಟು 1,600. ಇದಕ್ಕೆ ಪೆನ್ನು ಬೇಡ, ಎಡದಿಂದ ಬಲಕ್ಕೆ ಓದುತ್ತಲೇ ಆಗುತ್ತದೆ.

ಸಂಖ್ಯೆಗಳೆಲ್ಲ ಒಂದೇ ಸುತ್ತಿನಲ್ಲಿ ಗುಂಪಾಗಿದ್ದರೆ ಇನ್ನೂ ಸುಲಭ. 68, 71, 73, 69, 72, 70. ಎಲ್ಲವೂ 70ರ ಆಸುಪಾಸು, ಆರು ಸಂಖ್ಯೆ, 420. ನಿಜ ಮೊತ್ತ 423.

ಹಂತ 7: ಕಳೆಯುವಾಗ ಜಾಸ್ತಿ ಎಚ್ಚರ ಬೇಕು

812 − 789. ನೂರಕ್ಕೆ ರೌಂಡ್ ಮಾಡಿದರೆ 800 − 800 = 0. ಏನೂ ಉಪಯೋಗವಿಲ್ಲದ ಉತ್ತರ. ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ ಉಳಿಯುವುದು ಸಣ್ಣದು. ಆ ಸಣ್ಣದನ್ನೇ ರೌಂಡ್ ಮಾಡುವಾಗ ಎಸೆದುಬಿಟ್ಟೆವು. ಇಲ್ಲಿ ಹತ್ತಕ್ಕೆ ರೌಂಡ್ ಮಾಡಬೇಕು: 810 − 790 = 20. ನಿಜ ಉತ್ತರ 23. ಕಳೆಯುವ ಮೊದಲು ವ್ಯತ್ಯಾಸ ಎಷ್ಟು ದೊಡ್ಡದಿರಬಹುದು ಎಂದು ನೋಡಿ, ಅದಕ್ಕಿಂತ ಸಣ್ಣ ಸ್ಥಾನಕ್ಕೆ ರೌಂಡ್ ಮಾಡಿ.

ಹಂತ 8: ಗುಣಿಸುವಾಗ ಒಂದನ್ನು ಏರಿಸಿ, ಒಂದನ್ನು ಇಳಿಸಿ

48 × 21. ಮೊದಲನೆಯದನ್ನು 50 ಮಾಡಿ, ಎರಡನೆಯದನ್ನು 20 ಮಾಡಿ. 1,000. ನಿಜ ಉತ್ತರ 1,008. ಒಂದು ಏರಿತು, ಒಂದು ಇಳಿಯಿತು, ತಪ್ಪು ಹೊಡೆದುಹೋಯಿತು.

48 × 39 ಆದರೆ? ಎರಡೂ ಏರುತ್ತವೆ: 50 × 40 = 2,000. ಎರಡನ್ನೂ ಏರಿಸಿದ್ದರಿಂದ ನಿಜ ಉತ್ತರ ಖಂಡಿತ 2,000ಕ್ಕಿಂತ ಕಡಿಮೆ. ಅದು 1,872. ಇದನ್ನು ಬರೆಯುವಾಗ "2,000ಕ್ಕಿಂತ ಸ್ವಲ್ಪ ಕಡಿಮೆ" ಎಂದೇ ಬರೆಯಿರಿ. ಬರೀ 2,000 ಅನ್ನುವುದಕ್ಕಿಂತ ಇದರಲ್ಲಿ ಜಾಸ್ತಿ ಸಂಗತಿ ಇದೆ.

ಎರಡೂ 5ರಲ್ಲಿ ಮುಗಿದಾಗ ನಿಯಮಕ್ಕೆ ಅಂಟಿಕೊಂಡರೆ ಮೋಸ ಹೋಗುತ್ತೀರಿ. 25 × 35ನ್ನು ನಿಯಮದ ಪ್ರಕಾರ 30 × 40 ಮಾಡಿದರೆ 1,200. ನಿಜ ಉತ್ತರ 875, ಎಲ್ಲಿಂದೆಲ್ಲಿಗೆ! ಒಂದನ್ನು ಏರಿಸಿ, ಇನ್ನೊಂದನ್ನು ಇಳಿಸಿ: 30 × 30 = 900. ಅಂದಾಜು ಮಾಡುವಾಗ ರೌಂಡ್ ನಿಯಮ ನಿಮ್ಮ ಕೈಯಲ್ಲಿರುವ ಸಲಕರಣೆ. ಬೇಕಾದಾಗ ಅದನ್ನು ಬದಿಗಿಡುವ ಹಕ್ಕು ನಿಮಗಿದೆ.

ಶೇಕಡಾ ಲೆಕ್ಕವೂ ಗುಣಾಕಾರವೇ. 412ರ ಶೇ. 19 ಎಷ್ಟು? 400ರ ಶೇ. 20 ಅಂದುಕೊಳ್ಳಿ, 80. ನಿಜ ಉತ್ತರ 78.28.

ಹಂತ 9: ಭಾಗಿಸುವಾಗ ಎರಡನ್ನೂ ಒಂದೇ ಕಡೆಗೆ ಒಯ್ಯಿರಿ

ಭಾಗಾಕಾರದಲ್ಲಿ ಎಲ್ಲ ತಿರುಗುಮುರುಗು. 2,630 ÷ 38 ನೋಡಿ. 38ನ್ನು 40 ಮಾಡಿದರೆ ಭಾಜಕ ದೊಡ್ಡದಾಯಿತು, ಉತ್ತರ ಚಿಕ್ಕದಾಗುತ್ತದೆ. ಅದನ್ನು ಸರಿದೂಗಿಸಲು 2,630ನ್ನೂ ಏರಿಸಬೇಕು. 2,800 ಮಾಡಿದರೆ 40ರಿಂದ ಸಲೀಸಾಗಿ ಭಾಗವಾಗುತ್ತದೆ: 70. ನಿಜ ಉತ್ತರ ಸುಮಾರು 69.2.

ಇಲ್ಲಿ 2,630ನ್ನು ನಿಯಮದ ಪ್ರಕಾರ ರೌಂಡ್ ಮಾಡಲಿಲ್ಲ ಎಂಬುದನ್ನು ಗಮನಿಸಿ. ಮಗ್ಗಿಯಲ್ಲಿ ಬರುವ ಸಂಖ್ಯೆಯನ್ನು ಹುಡುಕಿದೆವು. 4,389 ÷ 7 ಬಂದರೂ ಹೀಗೇ. 7ರ ಮಗ್ಗಿಯಲ್ಲಿ 42 ಇದೆ, 4,200 ÷ 7 = 600. ಭಾಜ್ಯವನ್ನು ಇಳಿಸಿದ್ದರಿಂದ ಉತ್ತರ 600ಕ್ಕಿಂತ ಜಾಸ್ತಿ. ನಿಜ ಉತ್ತರ 627.

ಹಂತ 10: ಸಂದರ್ಭ ಹೇಳಿದ ಹಾಗೆ ಕೇಳಿ

130 ಜನರನ್ನು 40 ಸೀಟಿನ ಬಸ್ಸುಗಳಲ್ಲಿ ಕೂರಿಸಬೇಕು. 130 ÷ 40 = 3.25. ನಿಯಮ 3 ಅನ್ನುತ್ತದೆ. ಮೂರೇ ಬಸ್ಸು ತಂದರೆ ಹತ್ತು ಜನ ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ. ನಾಲ್ಕು ಬೇಕು. ಅದೇ 150 ಸೆಂಟಿಮೀಟರ್ ಉದ್ದದ ದಾರದಿಂದ 40 ಸೆಂಟಿಮೀಟರಿನ ತುಂಡುಗಳನ್ನು ಕತ್ತರಿಸಿದರೆ 3.75 ಬರುತ್ತದೆ. ನಿಯಮ 4 ಅನ್ನುತ್ತದೆ, ಕೈಗೆ ಸಿಗುವುದು ಮೂರೇ ತುಂಡು.

ಸಾಕಾಗದಿದ್ದರೆ ತೊಂದರೆ ಎನ್ನುವಲ್ಲಿ ಮೇಲಕ್ಕೆ ಹೋಗಿ: ಬೇಕಾದ ಸಮಯ, ಖರ್ಚು, ಹೊರಬೇಕಾದ ಭಾರ. ಇರುವುದರಲ್ಲೇ ಮುಗಿಸಬೇಕು ಎನ್ನುವಲ್ಲಿ ಕೆಳಕ್ಕೆ ಬನ್ನಿ: ಕೈಯಲ್ಲಿರುವ ಹಣ, ಲಿಫ್ಟ್ ಹೊರಬಲ್ಲ ತೂಕ.

ಹಂತ 11: ಎಣಿಸಲು ಆಗದ್ದನ್ನು ಅಂದಾಜು ಮಾಡುವುದು

ಒಂದು ಜನಜಂಗುಳಿಯ ಫೋಟೋ ಇದೆ. ಎಷ್ಟು ಜನ? ಫೋಟೋ ಮೇಲೆ ಸಮನಾದ ಚೌಕಗಳನ್ನು ಹಾಕಿ. ತೀರಾ ದಟ್ಟವೂ ಅಲ್ಲದ, ತೀರಾ ಖಾಲಿಯೂ ಅಲ್ಲದ ಒಂದು ಚೌಕ ಆರಿಸಿ ಎಣಿಸಿ. ಅದನ್ನು ಚೌಕಗಳ ಸಂಖ್ಯೆಯಿಂದ ಗುಣಿಸಿ. ಪುಸ್ತಕದ ಪುಟದಲ್ಲಿನ ಪದಗಳಿಗೂ ಇದೇ ದಾರಿ: ಮೂರು ನಾಲ್ಕು ಸಾಲು ಎಣಿಸಿ ಸರಾಸರಿ ತೆಗೆದು, ಸಾಲುಗಳ ಸಂಖ್ಯೆಯಿಂದ ಗುಣಿಸಿ.

ಇನ್ನು ಕೆಲವನ್ನು ತುಂಡು ಮಾಡಿ ನೋಡಬೇಕು. ಒಂದು ದಿನದಲ್ಲಿ ಹೃದಯ ಎಷ್ಟು ಸಲ ಬಡಿಯುತ್ತದೆ? ನಿಮಿಷಕ್ಕೆ 72 ಎಂದಿಟ್ಟುಕೊಳ್ಳಿ, 70 ಸಾಕು. ದಿನಕ್ಕೆ 1,440 ನಿಮಿಷ, 1,400 ಸಾಕು. 70 × 1,400 = 98,000. ಎರಡನ್ನೂ ಇಳಿಸಿದ್ದೇವೆ, ಹಾಗಾಗಿ ನಿಜ ಇನ್ನೂ ಜಾಸ್ತಿ. "ಒಂದು ಲಕ್ಷ, ಅಥವಾ ತುಸು ಮೇಲೆ" ಅನ್ನಬಹುದು. ಪೂರ್ತಿ ಗುಣಿಸಿದರೆ 1,03,680.

ಭೌತವಿಜ್ಞಾನಿ ಎನ್ರಿಕೊ ಫರ್ಮಿ ಈ ಬಗೆಯ ಅಂದಾಜಿಗೆ ಹೆಸರಾದವನು. 1945ರ ಜುಲೈ 16ರಂದು ಮೊದಲ ಅಣುಬಾಂಬ್ ಪರೀಕ್ಷೆ ನಡೆದಾಗ ಅವನು ದೂರದಲ್ಲಿ ನಿಂತು, ಗಾಳಿಯ ಅಲೆ ಬಂದ ಹೊತ್ತಿಗೆ ಕಾಗದದ ಚೂರುಗಳನ್ನು ಕೈಯಿಂದ ಬಿಟ್ಟ. ಅವು ಸುಮಾರು ಎರಡೂವರೆ ಮೀಟರ್ ಸರಿದವು. ಅಷ್ಟರಿಂದಲೇ ಸ್ಫೋಟ 10,000 ಟನ್ ಟಿಎನ್‌ಟಿ ಎಂಬ ಸಿಡಿಮದ್ದಿಗೆ ಸಮ ಎಂದ. ಅಳತೆಯಲ್ಲಿ ಬಂದದ್ದು 20,000 ಟನ್ನಿಗಿಂತ ಜಾಸ್ತಿ. ಎರಡರಷ್ಟು ವ್ಯತ್ಯಾಸವಾಯಿತು, ನಿಜ. ಆದರೆ ಕಾಗದದ ಚೂರಿನಿಂದ ಅಳೆದವನು ಸ್ಫೋಟ ಸಾವಿರ ಟನ್ನಿನದೋ, ಹತ್ತು ಸಾವಿರದ ಸುತ್ತಿನದೋ, ಲಕ್ಷದ್ದೋ ಎಂಬುದನ್ನು ಸರಿಯಾಗಿ ಹಿಡಿದಿದ್ದ.

ಅಭ್ಯಾಸ ಹೇಗೆ ಮಾಡಬೇಕು

ಕ್ಯಾಲ್ಕುಲೇಟರ್ ಒತ್ತುವ ಮೊದಲು ಪಕ್ಕದಲ್ಲಿ ಅಂದಾಜು ಬರೆಯಿರಿ. ಜೊತೆಗೆ ಒಂದು ಬಾಣ ಹಾಕಿ: ನಿಜ ಉತ್ತರ ಜಾಸ್ತಿ ಇರುತ್ತದೆ ಅನಿಸಿದರೆ ಮೇಲಕ್ಕೆ, ಕಡಿಮೆ ಅನಿಸಿದರೆ ಕೆಳಕ್ಕೆ. ಆಮೇಲೆ ಲೆಕ್ಕ ಮಾಡಿ ನೋಡಿ. ದಿನಕ್ಕೆ ನಾಲ್ಕೈದು ಲೆಕ್ಕ ಸಾಕು. ಸಂಖ್ಯೆಗಿಂತ ಬಾಣ ಸರಿ ಬರುತ್ತಿದೆಯೇ ಎಂದು ಜಾಸ್ತಿ ಗಮನಿಸಿ.

ಶುರುಮಾಡಲು ಇಲ್ಲಿ ಕೆಲವು ಇವೆ. ಉತ್ತರ ಕೆಳಗಿದೆ, ಮೊದಲು ನೀವೇ ಮಾಡಿ.

1. 6,748ನ್ನು ನೂರಕ್ಕೆ, ಆಮೇಲೆ ಸಾವಿರಕ್ಕೆ ರೌಂಡ್ ಮಾಡಿ.
2. 3,97,482ನ್ನು ಹತ್ತು ಸಾವಿರಕ್ಕೆ ರೌಂಡ್ ಮಾಡಿ.
3. 0.996ನ್ನು ಎರಡು ದಶಮಾಂಶಕ್ಕೆ ರೌಂಡ್ ಮಾಡಿ.
4. 903 − 858 ಅಂದಾಜು ಮಾಡಿ.
5. 5,530 ÷ 79 ಅಂದಾಜು ಮಾಡಿ.
6. ಯಾರೋ 612 × 49 = 2,99,880 ಎಂದು ಬರೆದಿದ್ದಾರೆ. ಗುಣಿಸದೆ ಹೇಳಿ, ಸರಿಯೇ?

ಮೊದಲನೆಯದಕ್ಕೆ 6,700 ಮತ್ತು 7,000. ನೂರಕ್ಕೆ 6,800 ಬರೆದಿದ್ದರೆ ನೀವು ಮೆಟ್ಟಿಲು ಹತ್ತಿದ್ದೀರಿ, ಹಂತ 5 ಮತ್ತೊಮ್ಮೆ ಓದಿ. ಎರಡನೆಯದು 4,00,000. ಮೂರನೆಯದು 1.00, ಎರಡೂ ಸೊನ್ನೆ ಇರಬೇಕು. ನಾಲ್ಕನೆಯದಕ್ಕೆ ಹತ್ತಕ್ಕೆ ರೌಂಡ್ ಮಾಡಿ, 900 − 860 = 40. 903ನ್ನು ಇಳಿಸಿ 858ನ್ನು ಏರಿಸಿದ್ದರಿಂದ ಬಾಣ ಮೇಲಕ್ಕೆ, ನಿಜ ಉತ್ತರ 45. ಐದನೆಯದು 5,600 ÷ 80 = 70, ಪೂರ್ತಿ ಭಾಗಿಸಿದರೂ ಸರಿಯಾಗಿ 70 ಬರುತ್ತದೆ. ಆರನೆಯದಕ್ಕೆ 600 × 50 ಸಾಕು. ಅದು 30,000, ಬರೆದಿರುವುದು ಮೂರು ಲಕ್ಷದ ಹತ್ತಿರ. ಎಲ್ಲೋ ಒಂದು ಸೊನ್ನೆ ಜಾಸ್ತಿ ಬಿದ್ದಿದೆ, ಸರಿಯಾದದ್ದು 29,988.